ಮೀನು ಹಾಕದ ಟ್ಯೂಬು

ರಾಜಾಜಿನಗರ, ಬೆಂಗಳೂರು

ಪ್ರೀತಿಯ ಪುಟ್ಟಿಗೆ, ಮಾವನ ಆಶೀರ್ವಾದ.

ನಿನ್ನ ಕಾಗದ ಎರಡು ದಿನದಿಂದ ಜೇಬಿನಲ್ಲೇ ಇದೆ. ಹಾಸ್ಟೆಲ್ ಊಟದ ಪುರಾಣ ನಿಮ್ಮಮ್ಮನಿಗೆ ಬಿಟ್ಟೆ. ಮೀನಿನಲ್ಲಿ ಲೋಹ ಎಷ್ಟಿದೆ ಅಂತ ನೀನು ಮಾಡುತ್ತಿರುವ ಪರೀಕ್ಷೆಯ ಬಗ್ಗೆ ಬರೆದ ಆ ಒಂದು ಸಾಲು ಮಾತ್ರ ನಿದ್ದೆ ಕೆಡಿಸಿತು. "ಮೀನು ಹಾಕದ ಟ್ಯೂಬಿನಲ್ಲೂ ಸತು ಬಂತು ಮಾವ. ಇದು ಕೆರೆಯದ್ದೋ, ನನ್ನ ಕೈಯದ್ದೋ?"

ನಮ್ಮ ಕಡೆಯ ಮೋರಿ ನೀರು ವೃಷಭಾವತಿ ನದಿ ಸೇರಿ ಬೈರಮಂಗಲದ ಕೆರೆಗೆ ಹೋಗುತ್ತದೆ. ಪೀಣ್ಯದ ಕಾರ್ಖಾನೆಗಳ ಕೊಳೆಯೂ ಜೊತೆಗೆ. ಅಲ್ಲಿನ ಹೂಳಿನಲ್ಲಿ ಲೋಹ ಇದ್ದೇ ಇರುತ್ತದೆ ಅಂತ ಎಲ್ಲರೂ ಮೊದಲೇ ನಂಬಿರುತ್ತಾರೆ. ಕಷ್ಟ ಇರೋದೇ ಅಲ್ಲಿ. ಜಾಸ್ತಿ ಬಂದರೆ ಯಾರೂ ಪ್ರಶ್ನೆ ಕೇಳುವುದಿಲ್ಲ. ನಾನೂ ಕೇಳಲಿಲ್ಲ.

ಇದನ್ನು ನಿಮ್ಮಮ್ಮನಿಗೂ ಹೇಳಿಲ್ಲ. ಕೆಲಸಕ್ಕೆ ಸೇರಿದ ಹೊಸತು. ಒಂದು ಕೆರೆಯ ಹೂಳು ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿದೆ. ತಾಮ್ರ, ಸತು ಎರಡೂ ಸಿಕ್ಕಾಪಟ್ಟೆ. ಬ್ಲ್ಯಾಂಕ್‌ಗೆ ಅಂತ, ಅಂದರೆ ನಿನ್ನ ಮೀನು ಹಾಕದ ಟ್ಯೂಬಿನ ಹಾಗೆ ಲೋಹ ಬರಬಾರದ ಖಾಲಿ ಪರೀಕ್ಷೆಗೆ, ತೊಳೆದ ಮರಳನ್ನೂ ಅದೇ ಜರಡಿಯಲ್ಲಿ ಹಾಯಿಸಿದ್ದೆ. ಅದರಲ್ಲೂ ಬಂತು. ಮಶೀನಿನ ತಪ್ಪು ಅಂದುಕೊಂಡು ಆ ಸಾಲನ್ನು ಹೊಡೆದುಹಾಕಿದೆ. ವರದಿ ಹೋಯಿತು. ತಿಂಗಳಾದ ಮೇಲೆ ಜರಡಿ ತೊಳೆಯುವಾಗ ನೋಡುತ್ತೇನೆ, ಬಲೆ ಹಿತ್ತಾಳೆಯದು! ಹಿತ್ತಾಳೆ ಅಂದರೆ ತಾಮ್ರ, ಸತು ತಾನೆ.

ಆ ಕೆರೆ ಏರಿ ಮೇಲೆ ಮೀನು ಮಾರುತ್ತಿದ್ದ ಅಜ್ಜಿ ಸ್ಯಾಂಪಲ್‌ಗೆ ಅಂತ ಎರಡು ಜಿಲೇಬಿ ಮೀನು ಸುಮ್ನೆ ಕೊಟ್ಟಿದ್ದರು. ಮತ್ತೆ ಹೋದಾಗ ಅವರು ಇರಲಿಲ್ಲ. ನನ್ನ ವರದಿಯಿಂದಲೋ, ಬೇರೆ ಏನಕ್ಕೋ. ಕೇಳುವ ಧೈರ್ಯ ಆಗಲಿಲ್ಲ.

ಕೆರೆಯದ್ದೋ ಕೈಯದ್ದೋ ಅಂತ ನೀನು ಕೇಳಿದೆ ನೋಡು, ಓದಿ ಭಯವಾಯಿತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಸ್ಯಾಂಪಲ್ ಆಸಿಡ್‌ನಲ್ಲಿ ಕರಗಿಸೋಕೆ ನಮ್ಮದು ಹಾಟ್‌ಪ್ಲೇಟ್ ಕಾಲ, ನಿಮ್ಮದು ಮೈಕ್ರೋವೇವ್. ನಾನು ಹೇಳೋದು ಹಳತಾಗಿರಬಹುದು. ಮೀನು ಕೊಯ್ಯೋದು ಸ್ಟೀಲ್ ಚಾಕುವಿನಲ್ಲಾ? ಕ್ರೋಮಿಯಂ, ನಿಕ್ಕಲ್ ಅದರಿಂದಲೇ ಬರಬಹುದು. ಸೆರಾಮಿಕ್ ಚಾಕು ಸಿಗುತ್ತಾ ನೋಡು. ಜರಡಿ ನೈಲಾನ್‌ದು ಇರಲಿ (ಹೇಳೋದು ಯಾರು ನೋಡು!). ಟ್ಯೂಬು, ಡಬ್ಬಿ ಎಲ್ಲ 10% ನೈಟ್ರಿಕ್ ಆಸಿಡ್‌ನಲ್ಲಿ ರಾತ್ರಿಯಿಡೀ ನೆನೆಯಲಿ. ಆಮೇಲೆ ಲವಣ ತೆಗೆದ ಡಿಅಯಾನೈಸ್ಡ್ ನೀರಿನಲ್ಲೇ ತೊಳೆ, ನಲ್ಲಿ ನೀರು ಬೇಡ. ಪಾದರಸ ನೋಡುವುದಿದ್ದರೆ ಸ್ಯಾಂಪಲ್‌ನ ಆ ಪಾಲನ್ನು ಒಣಗಿಸೋಕೆ 105 ಡಿಗ್ರಿ ಓವನ್‌ಗೆ ಇಡಬೇಡ, ಆವಿಯಾಗಿ ಹೋಗುತ್ತದೆ. ಇದೆಲ್ಲ ನಿಮ್ಮ ಗೈಡ್ ಆಗಲೇ ಹೇಳಿರುತ್ತಾರೆ ಬಿಡು.

ಗಾಬರಿಯಲ್ಲಿ ಎಲ್ಲ ಒಟ್ಟಿಗೆ ಬದಲಿಸಬೇಡ. ಸತು ಎಲ್ಲಿಂದ ಬಂತು ಅಂತ ಗೊತ್ತೇ ಆಗುವುದಿಲ್ಲ. ಒಂದೊಂದೇ ಬದಲಿಸಿ ಬ್ಲ್ಯಾಂಕ್ ಓಡಿಸು. ಬ್ಲ್ಯಾಂಕಿನಷ್ಟು ಕಳೆದುಬಿಡು ಸಾಕು ಅಂತ ಯಾರಾದರೂ ಅನ್ನಬಹುದು. ಅದು ಸಲಕ್ಕೊಂದು ಅಂಕಿ ತೋರಿಸುತ್ತಿದ್ದರೆ ಎಷ್ಟು ಅಂತ ಕಳೆಯುತ್ತೀಯ? ಬ್ಲ್ಯಾಂಕಿನ ಸಾಲನ್ನು ಮಾತ್ರ ಪುಸ್ತಕದಲ್ಲಿ ಹಾಗೇ ಬಿಡು, ಪುಟ್ಟಿ.

ಅಂದಹಾಗೆ, ಕೈಯದ್ದೋ ಅಂದೆಯಲ್ಲ. ಪೌಡರ್ ಹಾಕಿದ ಗ್ಲೌಸ್‌ನಿಂದಲೂ ಸತು ಬರುತ್ತದೆ ಅಂತ ನನಗೆ ಬಹಳ ತಡವಾಗಿ ಗೊತ್ತಾಯಿತು. ನಿನ್ನ ಗ್ಲೌಸ್ ಡಬ್ಬಿ ಮೇಲೆ ಏನು ಬರೆದಿದೆ ನೋಡಿ, ಕಾಗದ ಸಿಕ್ಕಿದ ದಿನವೇ ಫೋನ್ ಮಾಡು.

ನಿನ್ನ ಮಾವ