ತಂಡದಲ್ಲಿರುವುದು ಬೇರೆ, ಹನ್ನೊಂದರಲ್ಲಿರುವುದು ಬೇರೆ

ಮಾನ್ಯ ಸಂಪಾದಕರೆ,

ಐಪಿಎಲ್ ಹರಾಜು ಮುಗಿದ ಕೂಡಲೇ ಕ್ರೀಡಾಪುಟಗಳಲ್ಲಿ ಯುವ ಬ್ಯಾಟರ್‌ಗಳ ಬೆಲೆ ದಪ್ಪ ಅಕ್ಷರಗಳಲ್ಲಿ ಅಚ್ಚಾಗುತ್ತದೆ. ಆದರೆ ಆ ಹುಡುಗ ಯಾರ ಜಾಗದಲ್ಲಿ ಆಡಬೇಕು, ಅಂಥ ಜಾಗ ತಂಡದಲ್ಲಿ ಇದೆಯೇ ಎಂಬ ಮಾತು ಬರುವುದೇ ಅಪರೂಪ. ದಾವಣಗೆರೆಯ ಕಾಲೇಜು ಹುಡುಗರು ಫ್ಯಾಂಟಸಿ ತಂಡ (ನಿಜವಾದ ಆಟಗಾರರನ್ನು ಆರಿಸಿ, ಪಂದ್ಯದಲ್ಲಿ ಅವರ ಆಟಕ್ಕೆ ತಕ್ಕಂತೆ ಅಂಕ ಗಳಿಸುವ ಆನ್‌ಲೈನ್ ಆಟದ ತಂಡ) ಕಟ್ಟುವಾಗ ಈ ಸುದ್ದಿಗಳನ್ನೇ ನೆಚ್ಚಿಕೊಳ್ಳುತ್ತಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಒಂದು ಫ್ರಾಂಚೈಸಿ, ಅಂದರೆ ಐಪಿಎಲ್ ತಂಡ, 25 ಆಟಗಾರರವರೆಗೆ ಇಟ್ಟುಕೊಳ್ಳಬಹುದು. ಪಂದ್ಯದ ನಡುವೆ ಒಬ್ಬನ ಬದಲು ಇನ್ನೊಬ್ಬನನ್ನು ಆಡಿಸಲು ಬಿಡುವ, 2023ರಲ್ಲಿ ಬಂದ ಇಂಪ್ಯಾಕ್ಟ್ ಪ್ಲೇಯರ್ ನಿಯಮವನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಒಂದು ಪಂದ್ಯದಲ್ಲಿ ಸಾಮಾನ್ಯವಾಗಿ ಅವಕಾಶ ಸಿಗುವುದು 12 ಮಂದಿಗೆ ಮಾತ್ರ. ಮೇಲಿನ ಕ್ರಮಾಂಕಗಳಲ್ಲಿ ಹಿರಿಯರು ನೆಲೆಯೂರಿರುವ ತಂಡದಲ್ಲಿ ಹೊಸಬನಿಗೆ ಆಡುವ ಅದೃಷ್ಟ ಒದಗಿದರೂ, ಆರನೆಯವನಾಗಿಯೋ ಏಳನೆಯವನಾಗಿಯೋ ಇಳಿದು, ಕೊನೆಯ ಓವರ್‌ಗಳಲ್ಲಿ ಸಿಕ್ಕ ಎಂಟು ಹತ್ತು ಎಸೆತಗಳಿಗೆ ಬ್ಯಾಟು ಬೀಸಬೇಕಾಗುತ್ತದೆ. ದೇಶಿ ಕ್ರಿಕೆಟ್‌ನಲ್ಲಿ ಆರಂಭಿಕನಾಗಿ ಅವನು ಗಳಿಸಿದ ಶತಕಗಳು ಇಲ್ಲಿ ನೆರವಿಗೆ ಬಾರವು. ಫ್ಯಾಂಟಸಿಯಲ್ಲಿ ನಾಯಕನ ಅಂಕ ದುಪ್ಪಟ್ಟಾಗುತ್ತದೆಂದು ಅವನನ್ನೇ ನಾಯಕನನ್ನಾಗಿ ಆರಿಸಿದವರಿಗೆ, ಅವನು ಕಣಕ್ಕೇ ಇಳಿಯದಿದ್ದರೆ ದಕ್ಕುವುದೇನೂ ಇಲ್ಲ.

ಚೆನ್ನಾಗಿ ಆಡಿದರೆ ಜಾಗ ತಾನಾಗಿಯೇ ಸಿಗುತ್ತದೆ ಎನ್ನುವವರು ನಮ್ಮ ರಾಜ್ಯದ ಕರುಣ್ ನಾಯರ್ ಅವರನ್ನು ನೆನೆಯಬೇಕು. 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಅಜೇಯ 303 ರನ್ ಗಳಿಸಿದ ಅವರು, ಗಾಯದಿಂದ ಚೇತರಿಸಿಕೊಂಡ ಅಜಿಂಕ್ಯ ರಹಾನೆ ಮರಳಿದ್ದರಿಂದ, ಭಾರತದ ಮುಂದಿನ ಟೆಸ್ಟ್‌ನಲ್ಲೇ ಹೊರಗುಳಿಯಬೇಕಾಯಿತು.

ಪಿ.ಜೆ. ಬಡಾವಣೆಯ ಹೋಟೆಲೊಂದರಲ್ಲಿ, ಟಾಸ್ ಮುಗಿದ ಬಳಿಕ ಮೊಬೈಲ್‌ನಲ್ಲಿ ಪಟ್ಟಿ ನೋಡಿದ ಹುಡುಗರು, ತಾವು ಆರಿಸಿದ್ದ ಯುವ ಆಟಗಾರನ ಹೆಸರು ಬದಲಿಗಳ ಸಾಲಿನಲ್ಲೂ ಇಲ್ಲವೆಂದು ಅವನ ಇನ್‌ಸ್ಟಾಗ್ರಾಂ ಪುಟಕ್ಕೇ ಹೋಗಿ ಬೈಗುಳ ಬರೆದದ್ದನ್ನು ಕಂಡಿದ್ದೇನೆ. ಅವಕಾಶವೇ ಸಿಗದವನು ಯಾವ ತಪ್ಪಿಗೆ ಬೈಸಿಕೊಳ್ಳಬೇಕು? ಕೇಂದ್ರದ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಇಂಥ ಫ್ಯಾಂಟಸಿ ಆಟಗಳನ್ನು ನಿಷೇಧಿಸಿದ್ದು ಸರಿಯಾಗಿಯೇ ಇದೆ. ಆದರೆ ಗೆಳೆಯರೊಳಗಿನ ಬರಿಯ ಅಂಕದ ಪೈಪೋಟಿಯಲ್ಲೂ ಈ ಸಿಟ್ಟು ಕಡಿಮೆಯಾಗಿಲ್ಲ. ನಮ್ಮೂರಿನ ವಿನಯ್ ಕುಮಾರ್ ಕರ್ನಾಟಕದ ಪರ ವರ್ಷಗಟ್ಟಲೆ ಬೌಲ್ ಮಾಡಿದ ಮೇಲಷ್ಟೇ, 2010ರಲ್ಲಿ, ಭಾರತ ತಂಡಕ್ಕೆ ಆಡಿದರು. ಅಷ್ಟು ಕಾಯುವ ತಾಳ್ಮೆ ಕಂಡ ಊರು ಇದು.

ಆದ್ದರಿಂದ ಪಂದ್ಯದ ಮುನ್ನೋಟ ಪ್ರಕಟಿಸುವಾಗ ಹೊಸ ಆಟಗಾರನ ಹರಾಜು ಬೆಲೆಯ ಬದಲು ಅವನ ಸಂಭಾವ್ಯ ಕ್ರಮಾಂಕ, ಅದೇ ಸ್ಥಾನಕ್ಕೆ ಪೈಪೋಟಿಯಲ್ಲಿರುವವರ ಹೆಸರು ಹಾಗೂ ಹಿಂದಿನ ಪಂದ್ಯಗಳಲ್ಲಿ ಅವನು ಎದುರಿಸಿದ ಎಸೆತಗಳ ಸಂಖ್ಯೆಯನ್ನು ಕೊಡಬೇಕೆಂದು ವಿನಂತಿಸುತ್ತೇನೆ.

ಇಂತಿ,
ಕ್ರಿಕೆಟ್ ಅಭಿಮಾನಿ, ವಿದ್ಯಾನಗರ, ದಾವಣಗೆರೆ