ತರಗತಿಯಲ್ಲಿ ಯಾರೂ ಯಾರ ಆಧಾರ್ ಕಾರ್ಡನ್ನೂ ಕೇಳುವುದು ಬೇಡ

ಪ್ರೀತಿಯ ಪೋಷಕರೇ,

ನಮಸ್ಕಾರ. ಕಳೆದ ವಾರ ಊಟದ ಬಿಡುವಿನಲ್ಲಿ ಐದನೇ ತರಗತಿಯ ಮಕ್ಕಳು ಪೊಲೀಸ್ ಆಟ ಆಡುತ್ತಿದ್ದರು. ಪೊಲೀಸ್ ಆದವರು ಮೂವರು ಮಕ್ಕಳನ್ನು ಗೋಡೆಗೆ ನಿಲ್ಲಿಸಿ, 'ಆಧಾರ್ ತೋರಿಸು, ನೀನು ಬಾಂಗ್ಲಾದವನು' ಅನ್ನುತ್ತಿದ್ದರು. ನಿಂತವರಲ್ಲಿ ಒಬ್ಬಳು ಅಸ್ಸಾಮಿನ ಹುಡುಗಿ. ಇನ್ನೊಬ್ಬ ಪಶ್ಚಿಮ ಬಂಗಾಳದವನು. ಮೂರನೆಯವನು ನಮ್ಮ ಯಾದಗಿರಿಯವನೇ, ಅವನ ಮಾತಿನ ಧಾಟಿ ಸ್ವಲ್ಪ ಬೇರೆ, ಅಷ್ಟೇ. ಮರುದಿನ ಆ ಹುಡುಗಿ ಶಾಲೆಗೆ ಬರಲಿಲ್ಲ.

ಯಾರಿಗೂ ಶಿಕ್ಷೆ ಕೊಟ್ಟಿಲ್ಲ. ಹತ್ತು ವರ್ಷದ ಮಕ್ಕಳಿಗೆ ಇಂಥ ಪ್ರಶ್ನೆ ತಾನಾಗಿ ಹೊಳೆಯುವುದಿಲ್ಲ. ಟಿವಿಯಲ್ಲಿ, ಮೊಬೈಲಿನಲ್ಲಿ, ಮನೆಯಲ್ಲಿ ಊಟಕ್ಕೆ ಕೂತಾಗ ಕೇಳಿಸಿಕೊಂಡಿರುತ್ತಾರೆ. ಅದಕ್ಕೇ ಮಕ್ಕಳಿಗಿಂತ ಮೊದಲು ನಿಮ್ಮ ಜೊತೆ ಮಾತಾಡಬೇಕು ಅನಿಸಿತು.

ನಿಮ್ಮ ಆತಂಕ ಸುಳ್ಳು ಅಂತ ನಾನು ಹೇಳುವುದಿಲ್ಲ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನರನ್ನು ಗುಂಡಿಕ್ಕಿ ಕೊಂದರು. ಅವರಲ್ಲಿ ಶಿವಮೊಗ್ಗದವರು, ಬೆಂಗಳೂರಿನವರು ಇದ್ದರು. ಹೆಂಡತಿ ಮಕ್ಕಳ ಜೊತೆ ರಜೆ ಕಳೆಯಲು ಹೋದವರು. ಆಮೇಲೆ ಯುದ್ಧದ ಸುದ್ದಿ, ಸೈರನ್, ಮಾಕ್ ಡ್ರಿಲ್. ಮಕ್ಕಳು ನಿಜಕ್ಕೂ ಹೆದರಿದ್ದರು. ಆದರೆ ಅದೇ ದಿನ ಅದೇ ಜಾಗದಲ್ಲಿ, ಪ್ರವಾಸಿಗರನ್ನು ಕಾಪಾಡಲು ಹೋಗಿ ಜೀವ ಬಿಟ್ಟವನು ಅಲ್ಲಿಯ ಒಬ್ಬ ಮುಸ್ಲಿಂ ಯುವಕ. ಕುದುರೆ ಸವಾರಿ ಮಾಡಿಸಿ ಮನೆ ನಡೆಸುತ್ತಿದ್ದವನು. ಮಕ್ಕಳಿಗೆ ಪಹಲ್ಗಾಮ್ ಬಗ್ಗೆ ಹೇಳುವಾಗ ದಯವಿಟ್ಟು ಇದನ್ನೂ ಸೇರಿಸಿ ಹೇಳಿ.

ನಿಮ್ಮಲ್ಲಿ ಕೆಲವರಿಗೆ 2012ರ ಆಗಸ್ಟ್ ನೆನಪಿರಬಹುದು. ಅಸ್ಸಾಮಿನ ಕೊಕ್ರಝಾರ್ ಕಡೆ ಬೋಡೊ ಜನ ಮತ್ತು ಮುಸ್ಲಿಮರ ನಡುವೆ ಗಲಭೆ ಆಗಿತ್ತು. ಅದಕ್ಕೆ ಸೇಡು ತೀರಿಸಲು ರಂಜಾನ್ ಮುಗಿದ ಮೇಲೆ ಬೆಂಗಳೂರಿನಲ್ಲಿ ಈಶಾನ್ಯದವರ ಮೇಲೆ ದಾಳಿ ಮಾಡುತ್ತಾರೆ ಅಂತ ಎಸ್ಸೆಮ್ಮೆಸ್‌ಗಳು ಹರಿದಾಡಿದವು. ಸ್ವಾತಂತ್ರ್ಯ ದಿನದ ಸಂಜೆ ನಮ್ಮ ಸಿಟಿ ರೈಲ್ವೆ ಸ್ಟೇಷನ್ ತುಂಬಿ ಹೋಯಿತು. ಸೆಕ್ಯೂರಿಟಿ ಗಾರ್ಡ್‌ಗಳು, ಹೋಟೆಲ್ ಹುಡುಗರು, ಪಾರ್ಲರ್ ಕೆಲಸದ ಹೆಣ್ಣುಮಕ್ಕಳು, ಕಾಲೇಜು ವಿದ್ಯಾರ್ಥಿಗಳು, ಎಲ್ಲರೂ ಗುವಾಹಟಿ ರೈಲಿಗೆ ಮುಗಿಬಿದ್ದರು. ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಕೆಲವೇ ದಿನಗಳಲ್ಲಿ ಸಾವಿರಾರು ಜನ ಊರು ಬಿಟ್ಟರು. ಪೊಲೀಸರು, ಮಂತ್ರಿಗಳು, ಮುಸ್ಲಿಂ ಮುಖಂಡರು ಹೋಗಬೇಡಿ ಅಂತ ಕೇಳಿಕೊಂಡರೂ ನಿಲ್ಲಲಿಲ್ಲ. ಒಬ್ಬರು ದಿನಕ್ಕೆ ಐದಕ್ಕಿಂತ ಜಾಸ್ತಿ ಎಸ್ಸೆಮ್ಮೆಸ್ ಕಳಿಸದ ಹಾಗೆ ಕೇಂದ್ರ ಸರ್ಕಾರ ಕೆಲವು ದಿನ ಕಟ್ಟುನಿಟ್ಟು ಮಾಡಿತು. ಹಬ್ಬ ಬಂತು, ಹೋಯಿತು. ಮೆಸೇಜಿನಲ್ಲಿ ಹೇಳಿದ್ದ ದಾಳಿ ಆಗಲೇ ಇಲ್ಲ.

ಆ ಸುಳ್ಳಿನಿಂದ ಪೆಟ್ಟು ತಿಂದವರು ಯಾರು, ಸ್ವಲ್ಪ ಯೋಚಿಸಿ. ಈಶಾನ್ಯದವರು ಕೆಲಸ, ಓದು ಬಿಟ್ಟು ಓಡಿದರು. ಇಲ್ಲಿಯ ಮುಸ್ಲಿಮರ ಮೇಲೆ ಮಾಡದೇ ಇರುವ ತಪ್ಪಿನ ಅನುಮಾನ ಬಿತ್ತು. ಒಂದೇ ಮೆಸೇಜ್ ಎರಡೂ ಸಮುದಾಯಗಳಿಗೆ ನೋವು ಕೊಟ್ಟಿತು.

2018ರಲ್ಲಿ ಇನ್ನೂ ಘೋರವಾದದ್ದು ನಡೆಯಿತು. ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ವಾಟ್ಸಾಪ್ ಸುದ್ದಿ ನಂಬಿ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಅದೇ ವರ್ಷದ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮತ್ತೊಬ್ಬನ ಜೀವ ಹೋಯಿತು. ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಅನುಮಾನಕ್ಕೆ ಕಾರಣ. ಹೊಡೆದವರೂ 'ನಮ್ಮ ಮಕ್ಕಳ ಸುರಕ್ಷತೆ' ಅಂತಲೇ ಹೊರಟವರು. ಶಾಲೆ ನಡೆಸುವ ನನಗೆ ಇದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

2020ರ ಜನವರಿಯಲ್ಲಿ ಬೆಳ್ಳಂದೂರು ಹತ್ತಿರದ ಕರಿಯಮ್ಮನ ಅಗ್ರಹಾರದಲ್ಲಿ, ಇಲ್ಲಿರುವವರು ಬಾಂಗ್ಲಾದೇಶದವರು ಅಂತ ಗುಡಿಸಲುಗಳನ್ನು ಕೆಡವಿದರು. ಬೀದಿಗೆ ಬಿದ್ದವರಲ್ಲಿ ಅಸ್ಸಾಂ, ತ್ರಿಪುರಾದವರ ಜೊತೆ ಉತ್ತರ ಕರ್ನಾಟಕದ ಕುಟುಂಬಗಳೂ ಇದ್ದವು. ಕೈಯಲ್ಲಿ ದಾಖಲೆಗಳಿದ್ದವು. ಕೆಡವಿದ ರೀತಿ ಸರಿಯಲ್ಲ ಅಂತ ಹೈಕೋರ್ಟ್ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು. ನಮ್ಮ ಯಾದಗಿರಿ ಹುಡುಗ ಗೋಡೆಗೆ ನಿಂತದ್ದೂ ಇದೇ ಥರದ ಅನುಮಾನದಿಂದ.

ಅಕ್ರಮವಾಗಿ ಗಡಿ ದಾಟಿ ಬರುವುದು ತಪ್ಪೇ. ಅದನ್ನು ವಿಚಾರಿಸಲು ಕಾನೂನು ಇದೆ, ಪೊಲೀಸರಿದ್ದಾರೆ, ಕೋರ್ಟ್ ಇದೆ. ಅದು ಪಕ್ಕದ ಬೆಂಚಿನ ಹುಡುಗನ ಕೆಲಸ ಅಲ್ವಲ್ಲ? ಆಧಾರ್ ಪೌರತ್ವಕ್ಕೆ ದಾಖಲೆಯೂ ಅಲ್ಲ. ಇಷ್ಟಕ್ಕೂ ವಯಸ್ಸಿನ ದಾಖಲೆ ಇಲ್ಲ ಅನ್ನುವ ಕಾರಣಕ್ಕೆ ಮಗುವಿಗೆ ಪ್ರವೇಶ ನಿರಾಕರಿಸಬಾರದು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಮಗುವಿನ ಮನಸ್ಸಿಗೆ ಹಿಂಸೆ ಕೊಡಬಾರದು ಅಂತಲೂ ಹೇಳುತ್ತದೆ. ನಮ್ಮ ಶಾಲೆ ಎರಡನ್ನೂ ಪಾಲಿಸುತ್ತದೆ.

ಒಬ್ಬ ತಂದೆ ನನ್ನನ್ನು ಕೇಳಿದರು: 'ಮೇಡಂ, ನಮ್ಮ ಊರಲ್ಲಿ ನಮ್ಮ ಭಾಷೆಗೇ ಜಾಗ ಇಲ್ಲದ ಹಾಗೆ ಆಗ್ತಿದೆ, ಅದಕ್ಕೇನು ಹೇಳ್ತೀರಿ?' ಈ ನೋವು ನನಗೆ ಅರ್ಥವಾಗುತ್ತದೆ. ಅಂಗಡಿಯಲ್ಲಿ, ಬ್ಯಾಂಕಿನಲ್ಲಿ ಕನ್ನಡದಲ್ಲಿ ಕೇಳಿದರೆ ಉತ್ತರ ಬರದಿದ್ದಾಗ ನನಗೂ ಸಿಟ್ಟು ಬರುತ್ತದೆ. ಆದರೆ ಶಾಲೆಯಲ್ಲಿ ನಡೆಯುವುದನ್ನು ಬಂದು ನೋಡಿ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಬಂದ ಮೇಲೆ ಎಲ್ಲ ಶಾಲೆಗಳಲ್ಲೂ ಕನ್ನಡ ಕಲಿಸಲೇಬೇಕು. ಆದರೆ ಹೊರಗಿನಿಂದ ಬಂದ ಮಕ್ಕಳು ಕಾಯ್ದೆಗೆ ಹೆದರಿ ಕಲಿಯುತ್ತಿಲ್ಲ. ಗೆಳೆಯರ ಜೊತೆ ಆಡಲು ಕಲಿಯುತ್ತಾರೆ. ಅಸ್ಸಾಮಿನ ಆ ಹುಡುಗಿ ಅಮ್ಮನಿಗೆ ರೇಷನ್ ಅಂಗಡಿಯಲ್ಲಿ ಕನ್ನಡದಲ್ಲಿ ಮಾತಾಡಿ ಕೊಡುತ್ತಾಳೆ. ಆಟಕ್ಕೆ ಸೇರಿಸಿಕೊಳ್ಳದೆ ಗೋಡೆಗೆ ನಿಲ್ಲಿಸಿದರೆ, ಕನ್ನಡ ಬಿಟ್ಟು ತಮ್ಮವರ ಗುಂಪಿಗೇ ಹೋಗುತ್ತಾರೆ. ಕನ್ನಡಕ್ಕೂ ಅದರಿಂದ ನಷ್ಟ.

ನಮ್ಮವರೂ ಇದನ್ನು ಅನುಭವಿಸಿದವರೇ. ಅರವತ್ತರ ದಶಕದ ಕೊನೆಯಲ್ಲಿ ಮುಂಬೈಯಲ್ಲಿ ದಕ್ಷಿಣದವರು ಕೆಲಸ ಕಿತ್ತುಕೊಂಡರು ಅಂತ ಕೂಗೆದ್ದಾಗ ಉಡುಪಿ ಹೋಟೆಲ್‌ಗಳ ಮೇಲೂ ದಾಳಿಯಾಯಿತು. ಕರಾವಳಿಯ ಹಿರಿಯರನ್ನು ಕೇಳಿ ನೋಡಿ.

ಈಗ ನಿಮ್ಮಿಂದ ಬೇಕಾದದ್ದು ಹೇಳುತ್ತೇನೆ. ತರಗತಿಯ ವಾಟ್ಸಾಪ್ ಗುಂಪು ಹೋಮ್‌ವರ್ಕ್‌ಗೆ, ಸೂಚನೆಗಳಿಗೆ ಮಾತ್ರ. ಯಾವ ಜಾತಿ, ಧರ್ಮ, ರಾಜ್ಯದವರ ಬಗ್ಗೆ ಬಂದ ವಿಡಿಯೋವನ್ನೂ ಅಲ್ಲಿ ಹಾಕಬೇಡಿ. ಹಾಕಿದರೆ ನಾನೇ ಅಳಿಸಿ ನಿಮಗೆ ಫೋನ್ ಮಾಡುತ್ತೇನೆ. ಶಾಲೆಯ ಸುತ್ತ ಏನಾದರೂ ಅನುಮಾನ ಬಂದರೆ 112ಕ್ಕೆ ಕರೆ ಮಾಡಿ, ನನಗೂ ತಿಳಿಸಿ. ಫೋಟೋ ತೆಗೆದು ಹಂಚಬೇಡಿ. ಮನೆಯಲ್ಲಿ ಮಗು 'ಅವನು ಯಾವ ದೇಶದವನು?' ಅಂತ ಕೇಳಿದರೆ ಗದರಬೇಡಿ. ಯಾರು ಹೇಳಿದರು, ಎಲ್ಲಿ ಕೇಳಿದೆ ಅಂತ ಸಮಾಧಾನವಾಗಿ ವಿಚಾರಿಸಿ. ಮಕ್ಕಳನ್ನು ಮುಖ, ಬಣ್ಣ, ಊರು ಹಿಡಿದು ಅಡ್ಡಹೆಸರಿನಿಂದ ಕರೆಯುವುದನ್ನು ಶಾಲೆಯಲ್ಲಿ ನಿಲ್ಲಿಸುತ್ತಿದ್ದೇವೆ. ಮನೆಯಲ್ಲೂ ನಿಲ್ಲಲಿ.

ಬರುವ ಶನಿವಾರ ಬೆಳಗ್ಗೆ 10:30ಕ್ಕೆ ಪೋಷಕರ ಸಭೆ ಇದೆ. ದಿನಗೂಲಿ ಬಿಟ್ಟು ಬರಲಾಗದವರಿಗೆ ಭಾನುವಾರ ಸಂಜೆ 5ಕ್ಕೆ ಮತ್ತೆ ಕೂರೋಣ. ಕನ್ನಡ ಬಾರದ ತಂದೆ ತಾಯಿಗಳಿಗೆ ಹಿಂದಿ, ಬಂಗಾಳಿಯಲ್ಲಿ ವಿವರಿಸಲು ಇಬ್ಬರು ತಾಯಂದಿರು ಒಪ್ಪಿದ್ದಾರೆ. ಪಕ್ಕದ ಮನೆಯವರಿಗೆ ಈ ಪತ್ರ ಓದಲು ಬಾರದಿದ್ದರೆ ಓದಿ ಹೇಳಿ, ಜೊತೆಗೆ ಕರೆದುಕೊಂಡು ಬನ್ನಿ.

ಇಂತಿ,
ಮುಖ್ಯ ಶಿಕ್ಷಕಿ