ಒಂದು ಹೊಂಗೆ, ಒಂದು ಕರಿಬೇವು: ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ,

ಹೊಸ ಮನೆಯ ಸುತ್ತ ಬರೀ ಕಟ್ಟಡಗಳೇ ಇವೆ, ಮೆಟ್ಟಿಲ ಪಕ್ಕ ಒಂದು ಹೊಂಗೆ ಮರ ಮತ್ತು ಹಿಂದಿನ ಗೋಡೆಯ ಬದಿಗೆ ಒಂದು ಕರಿಬೇವಿನ ಗಿಡ ಬಿಟ್ಟರೆ ನೋಡಲು ಏನೂ ಇಲ್ಲ ಎಂದು ಬರೆದಿದ್ದೀಯೆ. ಮಾಘ ಮುಗಿದು ಫಾಲ್ಗುಣ ಕಾಲಿಡುತ್ತಿರುವ ಈ ದಿನಗಳಲ್ಲಿ ಒಂದು ಹೊಂಗೆಯೂ ಒಂದು ಕರಿಬೇವೂ ಇರುವ ಮನೆಯಲ್ಲಿ ನೋಡಲು ಬೇಕಾದಷ್ಟಿದೆ ಎಂಬುದು ನನ್ನ ನಂಬಿಕೆ. ಅದಕ್ಕಾಗಿ ಕಾಡಿಗೆ ಹೋಗಬೇಕಾಗಿಲ್ಲ, ದುರ್ಬೀನು ಕೊಳ್ಳಬೇಕಾಗಿಲ್ಲ. ಬೆಳಗಿನ ಸ್ವಲ್ಪ ಹೊತ್ತನ್ನು ಒಂದೇ ಜಾಗದಲ್ಲಿ, ಮಾತಿಲ್ಲದೆ, ಫೋನನ್ನು ಒಳಗಿಟ್ಟು ಕಳೆಯುವ ಮನಸ್ಸಿದ್ದರೆ ಸಾಕು. ಏನನ್ನು ನೋಡಬಹುದು ಎಂಬುದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ.

ಹೊಂಗೆಯ ಎಲೆಗಳು ಈಗ ಹಳದಿಗೆ ತಿರುಗಿ ಉದುರುತ್ತಿರಬೇಕು. ಎಲೆ ಉದುರುವುದನ್ನು ಕಂಡಾಗ ಮರ ಏನನ್ನೋ ಕಳೆದುಕೊಳ್ಳುತ್ತಿದೆ ಎಂದು ನಮಗನ್ನಿಸುತ್ತದೆ, ಆದರೆ ಅದು ಮರವೇ ಮುಂದಾಗಿ, ಸಿದ್ಧತೆ ಮಾಡಿಕೊಂಡು ನಡೆಸುವ ಕೆಲಸ. ಎಲೆಯ ಹಸಿರು ಕರಗುವ ಹೊತ್ತಿನಲ್ಲಿ ಅದರೊಳಗಿನ ಸಾರಜನಕದಂತಹ ಪೋಷಕಾಂಶಗಳ ದೊಡ್ಡ ಪಾಲನ್ನು ಮರ ಕೊಂಬೆಗೆ ಹಿಂದಕ್ಕೆ ಎಳೆದುಕೊಳ್ಳುತ್ತದೆ, ಆಮೇಲೆ ತೊಟ್ಟಿನ ಬುಡದಲ್ಲಿ ಬೇರ್ಪಡಲೆಂದೇ ತೆಳುವಾದ ಒಂದು ಪದರ ರೂಪುಗೊಳ್ಳುತ್ತದೆ, ಅದರ ಹಿಂದೆ ಗಾಯವನ್ನು ಮುಚ್ಚುವ ಇನ್ನೊಂದು ಪದರ ಬೆಳೆಯುತ್ತದೆ. ಗಾಳಿಯೇ ಇಲ್ಲದ ಮಧ್ಯಾಹ್ನದಲ್ಲಿಯೂ ಎಲೆ ತಾನಾಗಿ ಕಳಚಿ ಬೀಳುವುದು ಇದರಿಂದಲೇ. ಕೈಗೆ ಎಟಕುವ ಕೊಂಬೆಯಿದ್ದರೆ ಎಲೆ ಕಳಚಿದ ಜಾಗವನ್ನು ಹತ್ತಿರದಿಂದ ನೋಡು. ಒಣಗಿದ ಸಣ್ಣ ಗುರುತೊಂದು ಕಾಣುತ್ತದೆ, ಅದರ ಮೇಲ್ಬದಿಗೆ ಅಂಟಿಕೊಂಡಂತೆ ಒಂದು ಮೊಗ್ಗು. ಆ ಮೊಗ್ಗು ಎಲೆ ಬಿದ್ದ ಮೇಲೆ ಹುಟ್ಟಿದ್ದಲ್ಲ, ಎಲೆ ಹಸಿರಾಗಿದ್ದಾಗಲೇ ಅದರ ಕಂಕುಳಲ್ಲಿ ಕಾದು ಕುಳಿತಿದ್ದದ್ದು.

ಇನ್ನು ಕೆಲವೇ ದಿನಗಳಲ್ಲಿ ಆ ಮೊಗ್ಗುಗಳು ಒಡೆಯುತ್ತವೆ. ಎಳೆಯ ಎಲೆ ಮೊದಲು ತೆಳುಗೆಂಪಿನ ಛಾಯೆಯಲ್ಲಿ, ಮೆತ್ತಗೆ, ಜೋತುಬಿದ್ದಂತೆ ಹೊರಬರುತ್ತದೆ, ನಂತರ ಹೊಳೆಯುವ ಎಳೆಹಸಿರಾಗುತ್ತದೆ, ಕೊನೆಗೆ ಗಟ್ಟಿಯಾಗಿ ಕಡುಹಸಿರಿಗೆ ತಿರುಗುತ್ತದೆ. ಅರಳಿ ಮತ್ತು ಮಾವಿನ ಚಿಗುರಿನಲ್ಲಿ ಈ ಕೆಂಪು ಇನ್ನೂ ಎದ್ದು ಕಾಣುತ್ತದೆ. ಆಂಥೋಸಯನಿನ್ ಎಂಬ ವರ್ಣದ್ರವ್ಯ ಅದಕ್ಕೆ ಕಾರಣ. ಪತ್ರಹರಿತ್ತು ಇನ್ನೂ ಬಲಿಯದ ಎಳೆಯ ಎಲೆಯನ್ನು ಅದು ಪ್ರಖರ ಬಿಸಿಲಿನಿಂದ ಕಾಪಾಡುತ್ತದೆ ಎಂದೂ, ಎಲೆ ತಿನ್ನುವ ಕೀಟಗಳ ಕಣ್ಣಿಗೆ ಬೀಳದಂತೆ ಮಾಡುತ್ತದೆ ಎಂದೂ ಸಸ್ಯವಿಜ್ಞಾನಿಗಳು ವಿವರಿಸುತ್ತಾರೆ.

ಇದಕ್ಕಿಂತಲೂ ನನ್ನನ್ನು ಹೆಚ್ಚು ಕಾಡುವ ಸಂಗತಿ ಬೇರೆಯಿದೆ. ಮಳೆ ಬರಲು ಇನ್ನೂ ತಿಂಗಳುಗಳಿವೆ, ಮೇಲ್ಮಣ್ಣು ಒಣಗಿ ಬಿರಿಯುತ್ತಿದೆ, ಇಂತಹ ಹೊತ್ತಿನಲ್ಲಿ ಮರಗಳು ಏಕೆ ಚಿಗುರುತ್ತವೆ? ಆಳಕ್ಕಿಳಿದ ಬೇರುಗಳು ಮತ್ತು ಕಾಂಡದಲ್ಲಿ ಉಳಿದಿರುವ ನೀರು ಅದನ್ನು ಸಾಧ್ಯವಾಗಿಸುತ್ತವೆ ಎಂಬುದು ಉತ್ತರದ ಅರ್ಧ ಭಾಗ. ಉಳಿದರ್ಧವನ್ನು ತಮಿಳುನಾಡಿನ ಮುದುಮಲೆಯ ಒಣ ಕಾಡಿನಲ್ಲಿ ಅಧ್ಯಯನ ಮಾಡಿದ ಕೆ.ಎಸ್. ಮುರಳಿ ಮತ್ತು ರಾಮನ್ ಸುಕುಮಾರ್ ಅವರು ತೋರಿಸಿಕೊಟ್ಟಿದ್ದಾರೆ. ಮಳೆಗೆ ಮೊದಲೇ ಚಿಗುರುವ ಮರಗಳ ಎಲೆಗಳಿಗೆ, ಮಳೆಗಾಲದಲ್ಲಿ ಚಿಗುರುವ ಮರಗಳ ಎಲೆಗಳಿಗಿಂತ, ಕೀಟಗಳಿಂದಾಗುವ ಹಾನಿ ಕಡಿಮೆ. ಮಳೆಯೊಂದಿಗೆ ಕೀಟಗಳ ದಂಡು ಏಳುವಷ್ಟರಲ್ಲಿ ಎಲೆ ಬಲಿತು ಗಟ್ಟಿಯಾಗಿರುತ್ತದೆ. ಹಾಗೆಂದು ನಿನ್ನ ಹೊಂಗೆ ಪೂರ್ತಿ ಪಾರಾಗುತ್ತದೆ ಎಂದುಕೊಳ್ಳಬೇಡ. ಇಂದು ಕಲೆಯಿಲ್ಲದೆ ಹೊಳೆಯುವ ಎಲೆಯ ಮೇಲೆ ಮುಂದೆ ಸಣ್ಣ ಸಣ್ಣ ಗಂಟುಗಳು ಏಳುವುದನ್ನು ಕಾಣುವೆ. ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿಗಳು ಎಲೆಯನ್ನು ಕೆರಳಿಸಿ ತಮ್ಮ ವಾಸಕ್ಕೆಂದು ಎಬ್ಬಿಸಿಕೊಳ್ಳುವ ಮನೆಗಳವು. ಅದು ರೋಗವೆಂದು ಕೊಂಬೆ ಕಡಿಸಲು ಯಾರಾದರೂ ಬಂದರೆ ದಯವಿಟ್ಟು ತಡೆ. ಮರಕ್ಕೆ ಅದರಿಂದ ಪ್ರಾಣಾಪಾಯವಿಲ್ಲ.

ನಿನ್ನ ಬೀದಿಯಲ್ಲಿ ಇನ್ನೂ ಒಂದೆರಡು ಹೊಂಗೆಗಳಿದ್ದರೆ ಅವುಗಳನ್ನೂ ನಿನ್ನ ಮರದ ಜೊತೆಗೆ ಹೋಲಿಸಿ ನೋಡು. ಒಂದು ಬೋಳಾಗಿರುವಾಗ ಮತ್ತೊಂದು ಆಗಲೇ ಹಸಿರು ಹೊದ್ದಿರುತ್ತದೆ. ಒಂದೇ ಮರದಲ್ಲಿಯೂ ಒಂದು ಬದಿಯ ಕೊಂಬೆ ಮುಂದೆ, ಇನ್ನೊಂದು ಬದಿಯದು ಹಿಂದೆ. ವಸಂತ ಒಂದು ದಿನ ಒಟ್ಟಾಗಿ ಬಂದು ಇಳಿಯುತ್ತದೆ ಎಂದು ನಾವು ಕ್ಯಾಲೆಂಡರ್ ನೋಡಿ ತಿಳಿದುಕೊಂಡಿದ್ದೇವೆ, ಆದರೆ ಅದು ಮರಮರಕ್ಕೂ ಬೇರೆಯಾಗಿ, ಕೊಂಬೆಕೊಂಬೆಗೂ ಬೇರೆಯಾಗಿ ಬರುತ್ತದೆ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ನಿಂತವರಿಗೆ ಮಾತ್ರ ಇದು ಗೊತ್ತಾಗುತ್ತದೆ. ಹತ್ತು ಊರು ಸುತ್ತಿ ನೂರು ಮರ ನೋಡಿದವರಿಗಿಂತ ಒಂದು ಮರವನ್ನು ಚಿಗುರಿನಿಂದ ಹೂವಿನವರೆಗೆ ಬಿಡದೆ ನೋಡಿದವರು ಹೆಚ್ಚು ಕಂಡಿರುತ್ತಾರೆ ಎಂದು ನಾನು ಹೇಳುವುದು ಅದಕ್ಕಾಗಿಯೇ.

ಹಕ್ಕಿಗಳ ವಿಷಯದಲ್ಲಿ ಕಣ್ಣಿಗಿಂತ ಕಿವಿಗೆ ಮೊದಲು ಕೆಲಸ ಕೊಡು. ಬೆಳಕು ಹರಿಯುವ ಮುನ್ನವೇ ಕೇಳಿಬರುವ ಇಂಪಾದ, ಪ್ರತಿ ಸಲವೂ ಸ್ವಲ್ಪ ಬದಲಾಗುವ ಸಿಳ್ಳೆ ಮಡಿವಾಳ ಹಕ್ಕಿಯದಾಗಿರಬಹುದು. ಕಪ್ಪು ಬಿಳುಪಿನ ಈ ಹಕ್ಕಿಯ ಗಂಡು ಬಾಲವನ್ನು ನಿಮಿರಿಸಿ ಕಟ್ಟಡದ ತುದಿಯಲ್ಲಿಯೋ ಕಂಬದ ಮೇಲೋ ಕುಳಿತು ಹಾಡುತ್ತದೆ. ವರ್ಷದ ಹೆಚ್ಚಿನ ಕಾಲ ಅದು ಅಲ್ಲಿಯೇ ಪೊದೆಯ ನೆರಳಿನಲ್ಲಿ ಹುಳು ಹೆಕ್ಕುತ್ತಾ ಸದ್ದಿಲ್ಲದೆ ಇರುತ್ತದೆ, ಮರಿ ಮಾಡುವ ಕಾಲ ಹತ್ತಿರವಾದಾಗ ಮಾತ್ರ ತನ್ನ ಎಲ್ಲೆಯನ್ನು ಹಾಡಿನಿಂದ ಸಾರುತ್ತದೆ. ಬಿಸಿಲೇರಿದ ಮೇಲೆ ದೂರದಲ್ಲಿ ಯಾರೋ ತಾಮ್ರದ ಪಾತ್ರೆಯನ್ನು ಒಂದೇ ಲಯದಲ್ಲಿ ಬಡಿಯುತ್ತಿರುವಂತೆ ಕೇಳಿಸುವ ಸದ್ದು, ಹಣೆಯ ಮೇಲೆ ಕೆಂಪು ಗುರುತಿರುವ ಪುಟ್ಟ ಹಸಿರು ಕುಟ್ರ ಹಕ್ಕಿಯದು. ಅದು ಕೂಗುವಾಗ ತಲೆಯನ್ನು ಅತ್ತಿತ್ತ ತಿರುಗಿಸುವುದರಿಂದ ಸದ್ದು ಯಾವ ಕಡೆಯಿಂದ ಬರುತ್ತಿದೆ ಎಂದು ತಿಳಿಯುವುದು ಕಷ್ಟ. ಒಣಗಿದ ಕೊಂಬೆಗಳ ಕೆಳಬದಿಯನ್ನು ತಾಳ್ಮೆಯಿಂದ ನೋಡಿದರೆ ಅದು ಕೊರೆದ ದುಂಡನೆಯ ತೂತು ಸಿಕ್ಕೀತು. ಒಣಕೊಂಬೆಯನ್ನು ಕೆಲಸಕ್ಕೆ ಬಾರದ್ದೆಂದು ತೆಗೆಸುವಾಗ ನಾವು ತೆಗೆಸುತ್ತಿರುವುದು ಎಷ್ಟೋ ಸಲ ಇಂತಹ ಒಂದು ಸಂಸಾರವನ್ನು.

ಕೋಗಿಲೆಯ ಬಗ್ಗೆ ಸ್ವಲ್ಪ ಹೆಚ್ಚು ಬರೆಯಬೇಕು, ಏಕೆಂದರೆ ಎಲ್ಲರೂ ಕೇಳಿರುವ, ಕೆಲವರೇ ನೋಡಿರುವ ಹಕ್ಕಿ ಅದು. ಏರುತ್ತ ಹೋಗುವ 'ಕುಹೂ' ಗಂಡಿನ ಕೂಗು, ಅದರ ಮೈ ಹೊಳೆಯುವ ಕಪ್ಪು, ಕಣ್ಣು ಕೆಂಪು. ಹೆಣ್ಣು ಕಂದು ಬಣ್ಣದ್ದು, ಮೈತುಂಬ ಬಿಳಿಯ ಚುಕ್ಕೆ ಮತ್ತು ಪಟ್ಟೆ, ಕೂಗು 'ಕಿಕ್ ಕಿಕ್ ಕಿಕ್' ಎಂದು ಮೊನಚಾಗಿರುತ್ತದೆ. ಅದನ್ನು ಕಂಡವರಲ್ಲಿ ಅನೇಕರು ಬೇರೆ ಯಾವುದೋ ಹಕ್ಕಿ ಎಂದುಕೊಂಡು ಸುಮ್ಮನಾಗುತ್ತಾರೆ. ಕೋಗಿಲೆ ಗೂಡು ಕಟ್ಟುವುದಿಲ್ಲ, ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ ಎಂಬುದು ನಿನಗೆ ಗೊತ್ತು. ಹಾಗಾಗಿ ಕೋಗಿಲೆಯ ವರ್ಷವೆಲ್ಲ ಕಾಗೆಯ ವರ್ಷಕ್ಕೆ ಹೊಂದಿಕೊಂಡಿದೆ. ಕಾಗೆಗಳು ಕೊಕ್ಕಿನಲ್ಲಿ ಕಡ್ಡಿ, ತಂತಿ ಹಿಡಿದು ಒಂದೇ ದಿಕ್ಕಿಗೆ ಹಾರತೊಡಗಿದಾಗ ಆ ಮರದ ಮೇಲೆ ಗಮನವಿಡು, ಹೆಣ್ಣು ಕೋಗಿಲೆ ಅಲ್ಲಿಯೇ ಎಲೆಗಳ ಮರೆಯಲ್ಲಿ ಕಾಣಸಿಗುವ ಸಂಭವ ಹೆಚ್ಚು.

ಹೋಗುವವರೂ ಇದ್ದಾರೆ. ಚಳಿಗಾಲವೆಲ್ಲ ನೀರಿರುವ ನೆಲದಲ್ಲಿ ಬಾಲ ಕುಣಿಸುತ್ತಾ ಓಡಾಡುವ ಬೂದು ಸಿಪಿಲೆ ಹಕ್ಕಿಗಳು ಈ ದಿನಗಳಲ್ಲಿ ಉತ್ತರಕ್ಕೆ ಹೊರಡುತ್ತವೆ. ಬಂದದ್ದನ್ನು ಗುರುತಿಸುವುದು ಸುಲಭ, ಇನ್ನು ಮುಂದೆ ಇಲ್ಲ ಎಂಬುದನ್ನು ಗುರುತಿಸಲು ನಿತ್ಯದ ನೋಟ ಬೇಕು.

ಕರಿಬೇವಿನ ಗಿಡದ ಹತ್ತಿರ ಹೋದಾಗ ಎಳೆಯ ಎಲೆಗಳನ್ನು ಒಂದೊಂದಾಗಿ ನೋಡು. ನಿಂಬೆ ಚಿಟ್ಟೆಯಂತಹ ಚಿಟ್ಟೆಗಳು ಅಲ್ಲಿ ಸಾಸಿವೆಗಿಂತ ಚಿಕ್ಕದಾದ, ತಿಳಿಹಳದಿಯ ದುಂಡನೆಯ ಮೊಟ್ಟೆಗಳನ್ನು ಬಿಡಿಬಿಡಿಯಾಗಿ ಇಡುತ್ತವೆ. ಹೊರಬಂದ ಮರಿಹುಳು ಮೊದಲ ದಿನಗಳಲ್ಲಿ ಕಂದು ಬಿಳುಪು ಬೆರೆತು ಹಕ್ಕಿಯ ಹಿಕ್ಕೆಯ ಹಾಗೆಯೇ ಕಾಣುತ್ತದೆ. ತಿನ್ನಲು ಬಂದ ಹಕ್ಕಿ ಅದನ್ನು ಗಮನಿಸದೆ ಹೋಗಲೆಂದು ಆ ವೇಷ. ಬೆಳೆದು ದೊಡ್ಡದಾಗಿ ಆ ವೇಷ ಒಪ್ಪದ ಗಾತ್ರಕ್ಕೆ ಬಂದಾಗ ಕೊನೆಯ ಪೊರೆ ಕಳಚಿ ಹಸಿರಾಗುತ್ತದೆ ಮತ್ತು ಎಲೆಯ ನಡುವೆ ಮರೆಯಾಗುತ್ತದೆ. ಅದನ್ನು ಕೆಣಕಿದರೆ ತಲೆಯ ಹಿಂದಿನಿಂದ ಎರಡು ಕವಲಿನ ಅಂಗವೊಂದನ್ನು ಹೊರಚಾಚಿ ಘಾಟು ವಾಸನೆ ಬಿಡುತ್ತದೆ, ಆದರೆ ನೀನು ಕೆಣಕದೆಯೇ ಇದನ್ನು ನಂಬಬೇಕೆಂದು ಕೇಳಿಕೊಳ್ಳುತ್ತೇನೆ. ಹುಳುಗಳು ಕೆಲವು ರೆಂಬೆಗಳನ್ನು ಬೋಳು ಮಾಡಿದರೂ ಔಷಧ ಸಿಂಪಡಿಸಬೇಡ, ಬೆಳೆದ ಕರಿಬೇವು ಅಷ್ಟನ್ನು ತಾಳಿಕೊಂಡು ಮತ್ತೆ ಚಿಗುರುತ್ತದೆ.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಹೂವಿನ ಮಕರಂದ ಹೀರುವ ಪುಟ್ಟ ಹಕ್ಕಿ ಸೂರಕ್ಕಿ ಮನುಷ್ಯರ ಮನೆಗೆ ತೀರ ಹತ್ತಿರದಲ್ಲಿಯೇ, ಕೆಲವೊಮ್ಮೆ ಬಾಲ್ಕನಿಯ ಬಳ್ಳಿಗೇ ಗೂಡು ಕಟ್ಟುತ್ತದೆ. ನಾರು, ತೊಗಟೆಯ ಚೂರು, ಒಣ ಎಲೆಗಳನ್ನು ಜೇಡರ ಬಲೆಯಿಂದ ಬಿಗಿದು ಜೋತಾಡುವಂತೆ ಕಟ್ಟಿದ ಆ ಗೂಡು ಮೊದಲ ನೋಟಕ್ಕೆ ಸಿಕ್ಕಿಕೊಂಡ ಕಸದಂತಿರುತ್ತದೆ. ಬದಿಯ ಬಾಗಿಲಿನ ಮೇಲೆ ಮಳೆ ಬಿಸಿಲು ತಡೆಯುವ ಪುಟ್ಟ ಚಾಚು ಇರುತ್ತದೆ. ಕಟ್ಟುವ ಕೆಲಸ ಹೆಚ್ಚಾಗಿ ಹೆಣ್ಣಿನದು. ಅಂತಹ ಗೂಡು ಕಂಡರೆ ದೂರದಲ್ಲಿಯೇ ಕುಳಿತು ನೋಡು, ಹತ್ತಿರ ಹೋಗಿ ಒಳಗೆ ಇಣುಕಬೇಡ, ಎಲೆ ಸರಿಸಬೇಡ, ಫೋಟೋ ತೆಗೆಯುವ ಆಸೆಯನ್ನು ಬಿಡು. ಕಟ್ಟುವ ಹಂತದಲ್ಲಿ ತೊಂದರೆಯಾದರೆ ಹಕ್ಕಿ ಗೂಡನ್ನೇ ತೊರೆಯಬಹುದು. ನಾವು ಸರಿಸಿದ ಎಲೆಯ ಸಂದಿನಿಂದ ಕಾಗೆಗೂ ಬೆಕ್ಕಿಗೂ ದಾರಿ ಕಾಣುತ್ತದೆ. ಸುಮ್ಮನೆ ನೋಡುವುದೆಂದರೆ ನಾವು ಅಲ್ಲಿರುವುದರಿಂದ ಅಲ್ಲಿಯ ಯಾವ ಜೀವದ ಕೆಲಸವೂ ನಿಲ್ಲದಂತೆ ಇರುವುದು ಎಂದು ನಾನು ತಿಳಿದಿದ್ದೇನೆ.

ಮನೆಯ ಹತ್ತಿರವೇ ಕುಳಿತು ನೋಡುವುದನ್ನು ಸಣ್ಣ ಕೆಲಸವೆಂದು ಎಣಿಸಬೇಡ. ಪಕ್ಷಿತಜ್ಞ ಸಲೀಂ ಅಲಿಯವರು 1930ರಲ್ಲಿ ಕೈಯಲ್ಲಿ ಉದ್ಯೋಗವಿಲ್ಲದೆ ಕಡಲತೀರದ ಕಿಹಿಮ್ ಎಂಬ ಹಳ್ಳಿಯಲ್ಲಿ ಉಳಿದುಕೊಂಡಿದ್ದಾಗ, ಅಲ್ಲಿಯೇ ಹತ್ತಿರದಲ್ಲಿದ್ದ ಗೀಜಗನ ಗೂಡುಗಳನ್ನು ನೋಡುತ್ತಾ ಕುಳಿತರು. ಗಂಡು ಗೂಡನ್ನು ಅರ್ಧ ಕಟ್ಟಿ ನಿಲ್ಲಿಸುತ್ತದೆ, ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಅದನ್ನು ಪೂರ್ತಿ ಮಾಡುತ್ತದೆ, ಆಮೇಲೆ ಮತ್ತೊಂದು ಹೆಣ್ಣಿಗಾಗಿ ಮತ್ತೊಂದು ಗೂಡನ್ನು ಆರಂಭಿಸುತ್ತದೆ ಎಂಬುದನ್ನು ಅವರು ಕಂಡುಕೊಂಡದ್ದು ಹಾಗೆ. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ರಾಬರ್ಟ್ ಮಾರ್ಷಮ್ ಎಂಬವರು 1736ರಿಂದ ತಮ್ಮ ಮನೆಯ ಸುತ್ತಲಿನ ಮೊದಲ ಚಿಗುರು, ಮೊದಲ ಹೂವು, ಕೋಗಿಲೆಯ ಬಳಗದ ಕುಕ್ಕೂ ಹಕ್ಕಿಯ ಮೊದಲ ಕೂಗು, ಇವುಗಳ ದಿನಾಂಕವನ್ನು ಬರೆದಿಡತೊಡಗಿದರು, ಅವರ ವಂಶದವರು 1958ರವರೆಗೆ ಅದನ್ನು ಮುಂದುವರಿಸಿದರು. ಜಪಾನಿನ ಕ್ಯೋಟೋದಲ್ಲಿ ಚೆರ್‍ರಿ ಹೂವು ಅರಳಿದ ದಿನದ ದಾಖಲೆಗಳು 9ನೆಯ ಶತಮಾನದಷ್ಟು ಹಿಂದಕ್ಕೆ ಹೋಗುತ್ತವೆ. 2021ರಲ್ಲಿ ಅಲ್ಲಿ ಹೂವು ತುಂಬಿ ನಿಂತದ್ದು ಮಾರ್ಚ್ 26ರಂದು, ಅಲ್ಲಿಯವರೆಗಿನ ಅಷ್ಟೂ ದಾಖಲೆಗಳಲ್ಲಿ ಅಷ್ಟು ಬೇಗ ಅರಳಿದ ವರ್ಷ ಇನ್ನೊಂದಿರಲಿಲ್ಲ. ಭೂಮಿ ಬಿಸಿಯೇರುತ್ತಿರುವುದನ್ನು ಇಂದು ಅಳೆಯುವವರಿಗೆ ಈ ಹಳೆಯ ಟಿಪ್ಪಣಿಗಳು ದೊಡ್ಡ ಆಧಾರ. ನೀನೂ ಒಂದು ಪುಸ್ತಕವಿಟ್ಟುಕೊಂಡು ದಿನಾಂಕ, ಹೊತ್ತು, ಕಂಡದ್ದು, ಇಷ್ಟನ್ನು ಬರೆ. ಹೆಸರು ಗೊತ್ತಿಲ್ಲದ ಹಕ್ಕಿಯಾದರೆ ಬಣ್ಣ, ಕೊಕ್ಕಿನ ಆಕಾರ, ಕುಳಿತ ರೀತಿಯನ್ನು ಬರೆ. ಹೆಸರು ಸಿಕ್ಕ ಕೂಡಲೇ ನೋಡುವುದನ್ನು ನಿಲ್ಲಿಸುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ, ಆದ್ದರಿಂದ ಹೆಸರು ತಡವಾಗಿ ಬಂದರೂ ಚಿಂತೆಯಿಲ್ಲ.

ಒಂದು ಕೆಲಸವನ್ನು ನಾವಿಬ್ಬರೂ ಸೇರಿ ಮಾಡಬಹುದು. ಡಿಸೆಂಬರ್ 21ರ ಆಸುಪಾಸಿನಲ್ಲಿ ದಕ್ಷಿಣದ ಕೊನೆಯಲ್ಲಿ ಹುಟ್ಟಿದ ಸೂರ್ಯ ದಿನೇ ದಿನೇ ಉತ್ತರಕ್ಕೆ ಸರಿಯುತ್ತಿದ್ದಾನೆ. ಮಾರ್ಚ್ 20ರ ಹೊತ್ತಿಗೆ ಅವನು ನೇರ ಪೂರ್ವದಲ್ಲಿ ಹುಟ್ಟುತ್ತಾನೆ, ನಿನ್ನ ಮನೆಗೂ ನನ್ನ ಮನೆಗೂ ಆ ದಿನ ಪೂರ್ವ ಒಂದೇ. ವರ್ಷದಲ್ಲಿ ಸೂರ್ಯೋದಯದ ಜಾಗ ಅತಿ ಬೇಗ ಸರಿಯುವುದೂ ಈ ದಿನಗಳಲ್ಲಿಯೇ. ನಿನ್ನ ಪೂರ್ವದ ಕಿಟಕಿಯಿಂದ ಎದುರು ಗೋಡೆಯ ಮೇಲೆ ಬೀಳುವ ಮೊದಲ ಬಿಸಿಲಿನ ಅಂಚಿಗೆ ನಾಳೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆ, ವಾರಕ್ಕೊಮ್ಮೆ ಹೊಸ ಗೆರೆ ಹಾಕುತ್ತಾ ಹೋಗು. ಸೂರ್ಯ ಉತ್ತರಕ್ಕೆ ಹೋದಷ್ಟೂ ಬಿಸಿಲು ಗೋಡೆಯ ಮೇಲೆ ದಕ್ಷಿಣಕ್ಕೆ ಜಾರಬೇಕು. ನಾನೂ ಇಲ್ಲಿ ಪಡಸಾಲೆಯ ಗೋಡೆಗೆ ಗೆರೆ ಹಾಕುತ್ತೇನೆ. ಗೆರೆಗಳ ನಡುವಿನ ಅಂತರವನ್ನು ಅಳೆದು, ಹೊಂಗೆಯ ಯಾವ ಬದಿಯ ಕೊಂಬೆ ಮೊದಲು ಚಿಗುರಿತು ಎಂಬುದನ್ನೂ ಸೇರಿಸಿ, ಮುಂದಿನ ಪತ್ರದಲ್ಲಿ ತಪ್ಪದೆ ಬರೆ.

ಇಂತು,
ನಿನ್ನ ಅಮ್ಮ